ಚೆಂಡಿನ ಮೂಗು ಎತ್ತ ಉರುಳುತ್ತದೆ? ಕಾಲೇಜ್ ಸಾಫ್ಟ್‌ಬಾಲ್ ಪಿಚ್‌ನ ಗಿರಕಿ ಓದುವುದು ಹೇಗೆ

ಡಿಸೆಂಬರ್ ರಜೆಗೆ ಮಗಳು ಕಾಲೇಜಿನಿಂದ ಮನೆಗೆ ಬಂದರೆ ನನ್ನ ಸಂಜೆಗಳು ಹಿತ್ತಲಲ್ಲೇ ಕಳೆಯುತ್ತವೆ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಅವಳು ಎಸೆದ ಚೆಂಡುಗಳನ್ನು ಹಿಡಿಯುತ್ತೇನೆ. ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲ್ ಜಾತಿಯ ಆಟ, ಅದರಲ್ಲಿ ಬ್ಯಾಟರ್‌ಗೆ ಚೆಂಡು ಎಸೆಯುವವಳು ಪಿಚರ್. ಅಮೆರಿಕದಲ್ಲಿ ಸಾಫ್ಟ್‌ಬಾಲ್ ಪಿಚರ್ ಇರುವ ಮನೆಗಳಲ್ಲಿ ಇಂಥದ್ದೊಂದು ಬಕೆಟ್ ಇದ್ದೇ ಇರುತ್ತದೆ. ಮಕ್ಕಳ ಜೊತೆ ಹೀಗೆ ಕೂರುವ ಕನ್ನಡದ ಅಪ್ಪ ಅಮ್ಮಂದಿರಿಗೂ, ಟಿವಿಯಲ್ಲಿ ಈ ಆಟ ನೋಡಿ ಕುತೂಹಲ ಹುಟ್ಟಿದವರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಸಂಜೆ ಅವಳು "ರೈಸ್" ಅಂತ ಕೂಗಿ ಎಸೆದಳು. ರೈಸ್ ಬಾಲ್ ಅಂದರೆ ಬ್ಯಾಟರ್‌ನ ಎದೆಯ ಹತ್ತಿರ ಏರುತ್ತಾ ಬರಬೇಕಾದ ಚೆಂಡು. ನಾನು ಗ್ಲವ್ ಮೇಲಕ್ಕೆ ಎತ್ತಿದೆ. ಚೆಂಡು ಕೊನೆಗೆ ಸ್ವಲ್ಪ ತಗ್ಗಿ ನನ್ನ ಹೆಬ್ಬೆರಳಿಗೆ ಬಡಿಯಿತು. ಅಷ್ಟು ದಿನ ಹೇಳಿಕೊಟ್ಟ ಕೋಚ್ "ರೈಸ್ ಚೆನ್ನಾಗಿದೆ" ಅಂತಲೇ ಹೇಳಿದ್ದರು. ಶಾಲೆಯ ಪಂದ್ಯಗಳಲ್ಲಿ ಅದಕ್ಕೆ ಔಟ್ ಕೂಡ ಸಿಗುತ್ತಿತ್ತು. ಕಾಲೇಜಿನ ಬ್ಯಾಟರ್‌ಗಳು ಮಾತ್ರ ಅದನ್ನು ಬೇಲಿಯಾಚೆ ಹೊಡೆಯತೊಡಗಿದ್ದರು. ಆವತ್ತು ರಾತ್ರಿ ಫೋನಿನ ಸ್ಲೋ ಮೋಷನ್ ವೀಡಿಯೊ ನೋಡಿದಾಗ ಕಾರಣ ಗೊತ್ತಾಯಿತು. ಚೆಂಡು ಜೋರಾಗಿಯೇ ಗಿರಕಿ ಹೊಡೆಯುತ್ತಿತ್ತು, ಆದರೆ ತಪ್ಪು ದಿಕ್ಕಿನಲ್ಲಿ. ಎಸೆತಕ್ಕೆ ಏನು ಹೆಸರಿಟ್ಟಿದ್ದೀರಿ, ಎಷ್ಟು ಜೋರಾಗಿ ಸುತ್ತುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ದಿಕ್ಕು.

ಮೊದಲು ಅಳತೆಗಳು

ನಮಗೆ ಸ್ಪಿನ್ ಅಂದ ಕೂಡಲೇ ಕ್ರಿಕೆಟ್ ನೆನಪಾಗುತ್ತದೆ ಅಲ್ವಾ. ಚಂದ್ರಶೇಖರ್, ಕುಂಬ್ಳೆ, ಚೆಂಡು ನೆಲಕ್ಕೆ ಬಿದ್ದು ತಿರುಗುವುದು. ಸಾಫ್ಟ್‌ಬಾಲ್‌ನಲ್ಲಿ ನೆಲದ ಸಹಾಯ ಇಲ್ಲ. ಏನೇ ಆಗಬೇಕಿದ್ದರೂ ಗಾಳಿಯಲ್ಲೇ ಆಗಬೇಕು. ಪ್ರಸನ್ನ ಅವರ ಚೆಂಡು ಬ್ಯಾಟ್ಸ್‌ಮನ್ ಅಂದಾಜು ಮಾಡಿದ್ದಕ್ಕಿಂತ ಮುಂಚೆಯೇ ಇಳಿಯುತ್ತಿತ್ತಲ್ಲ, ಇಲ್ಲಿನ ಕೆಲಸವೆಲ್ಲ ಆ ಜಾತಿಯದ್ದು. ಇನ್ನೊಂದು ಮಾತು: ಈ ಆಟದಲ್ಲಿ ಪಿಚ್ ಅಂದರೆ ನೆಲದ ಪಟ್ಟಿ ಅಲ್ಲ, ಎಸೆತ.

ಅಮೆರಿಕದ ಕಾಲೇಜ್ ಆಟದಲ್ಲಿ ಪಿಚರ್ ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟ್‌ಗೆ, ಅಂದರೆ ಬ್ಯಾಟರ್ ಪಕ್ಕ ನೆಲದಲ್ಲಿರುವ ಹಲಗೆಗೆ, 43 ಅಡಿ. ಬೇಸ್‌ಬಾಲ್‌ನ ಹಾಗೆ ದಿಬ್ಬ ಇಲ್ಲ, ನೆಲ ಸಮತಟ್ಟು. ಪಿಚರ್ ಮುಂದಕ್ಕೆ ಚಿಮ್ಮಿ, ಕೈಯನ್ನು ಗಾಳಿಗಿರಣಿಯಂತೆ ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಪಕ್ಕ ಚೆಂಡು ಬಿಡುತ್ತಾಳೆ. ಹಾಗಾಗಿ ಚೆಂಡು ನಿಜವಾಗಿ ಹಾರುವುದು ಸುಮಾರು 37 ಅಡಿ. ಚೆಂಡಿನ ಸುತ್ತಳತೆ 12 ಅಂಗುಲ, ತೂಕ 180 ಗ್ರಾಂ ಆಸುಪಾಸು, ಬಣ್ಣ ಹಳದಿ, ಹೊಲಿಗೆ ಕೆಂಪು. ಆ ಕೆಂಪು ಹೊಲಿಗೆಯನ್ನೇ ನಾವು ಓದಬೇಕಾದದ್ದು.

ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ವೇಗದ ಪಿಚ್ ಈ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ಮುಗಿಸುತ್ತದೆ. ಗಿರಕಿಯ ಸಹಾಯವೇ ಇಲ್ಲದಿದ್ದರೆ ಅಷ್ಟರಲ್ಲಿ ಭೂಮಿ ಅದನ್ನು ಸುಮಾರು 76 ಸೆಂ.ಮೀ. ಕೆಳಕ್ಕೆ ಎಳೆಯುತ್ತದೆ. ಈ 76 ಅನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೂಗಿನ ಸೂತ್ರ

ನೀವು ಬಕೆಟ್ ಮೇಲೆ ಕೂತಿದ್ದೀರಿ. ಚೆಂಡು ನಿಮ್ಮ ಕಡೆಗೇ ಬರುತ್ತಿದೆ. ನಿಮಗೆ ಎದುರಾಗಿ ಕಾಣುವ ಅದರ ನಡುಭಾಗವನ್ನು ಮೂಗು ಅಂದುಕೊಳ್ಳಿ. ಮೂಗು ಎತ್ತ ಉರುಳುತ್ತದೋ ಚೆಂಡು ಅತ್ತ ವಾಲುತ್ತದೆ. ಮೂಗು ಕೆಳಕ್ಕೆ ಉರುಳಿದರೆ ಚೆಂಡು ಬೇಗ ಇಳಿಯುತ್ತದೆ, ಅದು ಡ್ರಾಪ್. ಮೇಲಕ್ಕೆ ಉರುಳಿದರೆ ಇಳಿಯುವುದು ಕಡಿಮೆಯಾಗುತ್ತದೆ, ಅದು ರೈಸ್. ಪಕ್ಕಕ್ಕೆ ಉರುಳಿದರೆ ಕರ್ವ್ ಅಥವಾ ಸ್ಕ್ರೂ.

ಇದು ಯಾಕೆ ಹೀಗೆ? ತಿರುಗುವ ಚೆಂಡು ಮೈಗೆ ತಾಗಿದ ಗಾಳಿಯನ್ನು ಎಳೆದುಕೊಂಡು ಹೋಗಿ ಹಿಂದೆ ಒಂದು ಪಕ್ಕಕ್ಕೆ ಎಸೆಯುತ್ತದೆ. ಗಾಳಿ ಒಂದು ಕಡೆ ಹೋದರೆ ಚೆಂಡು ಇನ್ನೊಂದು ಕಡೆ ಸರಿಯುತ್ತದೆ. 1852ರಲ್ಲಿ ಇದರ ಮೇಲೆ ಪ್ರಯೋಗ ಮಾಡಿದ ಜರ್ಮನಿಯ ಹೈನ್ರಿಕ್ ಗುಸ್ಟಾಫ್ ಮ್ಯಾಗ್ನಸ್ ಹೆಸರಿನಲ್ಲಿ ಇದನ್ನು ಮ್ಯಾಗ್ನಸ್ ಪರಿಣಾಮ ಅನ್ನುತ್ತಾರೆ.

ದಿಕ್ಕು ಹೇಳಲು ಗಡಿಯಾರ ಬಳಸುವುದು ಸುಲಭ. ಬಕೆಟ್‌ನಿಂದ ನೋಡಿದಾಗ ಮೂಗು 12ರ ಕಡೆ ಉರುಳಿದರೆ ರೈಸ್, 6ರ ಕಡೆ ಉರುಳಿದರೆ ಡ್ರಾಪ್. ಬಲಗೈ ಪಿಚರ್‌ನ ಕರ್ವ್ 3ರ ಕಡೆ, ಸ್ಕ್ರೂ 9ರ ಕಡೆ. ಎಡಗೈಯವಳಾದರೆ ಇವೆರಡೂ ತಿರುಗುಮುರುಗು. ಟಿವಿ ಕ್ಯಾಮೆರಾ ಪಿಚರ್‌ನ ಬೆನ್ನ ಹಿಂದೆ ಇರುವುದರಿಂದ ಅಲ್ಲೂ ಎಡ ಬಲ ಅದಲುಬದಲಾಗುತ್ತದೆ. ಯಂತ್ರದಲ್ಲಿ ಅಳೆಯುವವರಲ್ಲೂ ಪಿಚರ್ ಕಡೆಯಿಂದ ನೋಡಿ ಹೇಳುವ ರೂಢಿ ಇದೆ. ಮನೆಯಲ್ಲಿ ಯಾವುದಾದರೂ ಒಂದನ್ನು ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅಪ್ಪ ಒಂದು ಹೇಳಿ ಮಗಳು ಇನ್ನೊಂದು ಕೇಳಿಸಿಕೊಳ್ಳುತ್ತಾಳೆ.

ಇನ್ನು ಮೂಗು ಎಲ್ಲಿಗೂ ಉರುಳದೆ ಇದ್ದಲ್ಲೇ ತಿರುಗುವುದೂ ಉಂಟು. ಬುಗುರಿಯನ್ನು ನೆತ್ತಿಯ ಮೇಲಿಂದ ನೋಡಿದ ಹಾಗೆ. ನಡುವೆ ಒಂದು ಚುಕ್ಕೆ ಅಲುಗಾಡದೆ ನಿಂತಿರುತ್ತದೆ, ಹೊಲಿಗೆ ಅದರ ಸುತ್ತ ಸುತ್ತುತ್ತದೆ. ಬಂದೂಕಿನ ಗುಂಡು ಹೀಗೇ ತಿರುಗುತ್ತಾ ಹೋಗುತ್ತದೆ, ಆದ್ದರಿಂದ ಇದನ್ನು ಬುಲೆಟ್ ಸ್ಪಿನ್ ಅನ್ನುತ್ತಾರೆ. ಇಂಥ ಗಿರಕಿ ಎಷ್ಟೇ ಜೋರಾಗಿದ್ದರೂ ಚೆಂಡನ್ನು ಮೇಲಕ್ಕೂ ತಳ್ಳುವುದಿಲ್ಲ, ಪಕ್ಕಕ್ಕೂ ತಳ್ಳುವುದಿಲ್ಲ. ನನ್ನ ಹೆಬ್ಬೆರಳಿಗೆ ಬಡಿದದ್ದು ಇದೇ ಚೆಂಡು.

ಫೋನ್ ಇಟ್ಟು ಅಳೆಯುವುದು

ದುಬಾರಿ ಯಂತ್ರ ಬೇಡ. ಕಾಲೇಜುಗಳಲ್ಲಿ ರಾಪ್ಸೋಡೊ, ಟ್ರ್ಯಾಕ್‌ಮ್ಯಾನ್ ಅಂಥವು ಇರುತ್ತವೆ, ಸಿಕ್ಕಿದರೆ ಬಳಸಿ. ಮನೆಗೆ ಒಂದು ಮಾರ್ಕರ್ ಪೆನ್ನು, ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಸ್ಲೋ ಮೋಷನ್ ತೆಗೆಯುವ ಫೋನು ಸಾಕು.

ಚೆಂಡಿನ ನಡುವಿಗೆ ಉಡಿದಾರ ಕಟ್ಟಿದಂತೆ ಕಪ್ಪು ಮಾರ್ಕರ್‌ನಿಂದ ದಪ್ಪ ಗೆರೆಯೊಂದನ್ನು ಸುತ್ತ ಎಳೆಯಿರಿ. ಇನ್ಸುಲೇಶನ್ ಟೇಪ್ ಸುತ್ತುವವರೂ ಇದ್ದಾರೆ, ಆದರೆ ಟೇಪ್ ಹಚ್ಚಿದರೆ ಹೊಲಿಗೆ ಬೆರಳಿಗೆ ಸಿಗುವುದಿಲ್ಲ, ಹಿಡಿತ ಬದಲಾಗುತ್ತದೆ. ರೈಸ್ ಅಥವಾ ಡ್ರಾಪ್ ಎಸೆಯುವಾಗ ಆ ಗೆರೆ ಮೇಲೆ ಕೆಳಗೆ ನೆಟ್ಟಗೆ ನಿಲ್ಲುವಂತೆ ಚೆಂಡು ಹಿಡಿಯಲಿ. ಕರ್ವ್ ಎಸೆಯುವಾಗ ಗೆರೆ ಅಡ್ಡಕ್ಕಿರಲಿ. ಗಿರಕಿ ಸರಿಯಾಗಿದ್ದರೆ ಚೆಂಡು ಹಾರುವಾಗ ಗೆರೆ ಅಲುಗದೆ ಗೆರೆಯಾಗಿಯೇ ಕಾಣುತ್ತದೆ. ಓರೆಯಾಗಿದ್ದರೆ ತೂರಾಡುತ್ತದೆ. ಬುಲೆಟ್ ಸ್ಪಿನ್ ಆಗಿದ್ದರೆ ಫ್ಯಾನಿನ ರೆಕ್ಕೆಯಂತೆ ಸುತ್ತುತ್ತದೆ. ಇದನ್ನು ನೋಡಲು ಫೋನೂ ಬೇಡ, ಎರಡು ದಿನ ಕೂತರೆ ಬರಿಗಣ್ಣಿಗೇ ಅಭ್ಯಾಸವಾಗುತ್ತದೆ.

ಫೋನನ್ನು ಬಕೆಟ್‌ನ ಹಿಂದೆ, ಬಲೆಯ ಆಚೆ ಇಡಿ. ಬೆಳಕು ಚೆನ್ನಾಗಿರಬೇಕು, ಸಂಜೆಗತ್ತಲಲ್ಲಿ ಹೊಲಿಗೆ ಕಲಸಿಹೋಗುತ್ತದೆ. ಆಮೇಲೆ ವೀಡಿಯೊವನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಸುತ್ತಾ, ಒಂದು ಗುರುತು ತಿರುಗಿ ಅದೇ ಜಾಗಕ್ಕೆ ಬರಲು ಎಷ್ಟು ಫ್ರೇಮ್ ಬೇಕಾಯಿತು ಅಂತ ಎಣಿಸಿ. 14,400 ಅನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಸಿಗುತ್ತದೆ. 12 ಫ್ರೇಮ್ ಆದರೆ 1,200 ಸುತ್ತು. 16 ಆದರೆ 900. 1,200 ಅಂದರೆ ಭಾರೀ ಸಂಖ್ಯೆ ಅನಿಸುತ್ತದೆ, ಆದರೆ ಕೈಯಿಂದ ಗ್ಲವ್‌ಗೆ ಬರುವಷ್ಟರಲ್ಲಿ ಚೆಂಡು ತಿರುಗುವುದು ಬರೀ ಎಂಟು ಸುತ್ತು. ಆ ಎಂಟು ಸುತ್ತಿನಲ್ಲೇ ಎಲ್ಲ ಆಗಬೇಕು.

ಒಂದು ಪಿಚ್ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ಬಗೆಯ ಹತ್ತು ಪಿಚ್ ತೆಗೆದು ಹತ್ತರಲ್ಲೂ ದಿಕ್ಕು ಬರೆದಿಟ್ಟುಕೊಳ್ಳಿ. ಹತ್ತರ ದಿಕ್ಕೂ ಗಡಿಯಾರದ ಮುಖದಲ್ಲಿ ಒಂದು ಗಂಟೆಯ ಅಂತರದೊಳಗೆ ಕೂಡಿ ಬರುವವರೆಗೆ ಸುತ್ತಿನ ಸಂಖ್ಯೆಯ ಬಗ್ಗೆ ತಲೆಕೆಡಿಸಿಕೊಳ್ಳುವುದು ಬೇಡ.

ರೈಸ್: ಎಲ್ಲರೂ ಎಡವುವ ಜಾಗ

ರೈಸ್ ಬಾಲ್ ನಿಜವಾಗಿ ಏರುತ್ತದಾ? ಈ ಪ್ರಶ್ನೆಗೆ ಹೌದು ಅಂತಲೂ ಹೇಳಬಹುದು, ಇಲ್ಲ ಅಂತಲೂ ಹೇಳಬಹುದು. 65 ಮೈಲಿ ವೇಗ, 1,200 ಸುತ್ತು, ಮೂಗು ಸರಿಯಾಗಿ 12ಕ್ಕೆ ಉರುಳುತ್ತಿದೆ ಅಂದುಕೊಂಡು ಲೆಕ್ಕ ಹಾಕಿದರೆ, ಗಾಳಿಯ ಒತ್ತು ಚೆಂಡಿನ ತೂಕದ ಸುಮಾರು ಶೇ 40ರಷ್ಟಾಗುತ್ತದೆ. ಅಂದರೆ 76 ಸೆಂ.ಮೀ. ಬೀಳಬೇಕಾದದ್ದು ಸುಮಾರು 46 ಸೆಂ.ಮೀ. ಬೀಳುತ್ತದೆ. ತೂಕವನ್ನೇ ಮೀರಿ ಚೆಂಡು ಮೇಲಕ್ಕೆ ಬಾಗಬೇಕಾದರೆ ಇದರ ಎರಡೂವರೆ ಪಟ್ಟು ಒತ್ತು ಬೇಕು. ಮನುಷ್ಯರ ಕೈಯಿಂದ ಅದು ಆಗುವುದಿಲ್ಲ.

ಆದರೆ ಪಿಚರ್ ಚೆಂಡು ಬಿಡುವುದು ತೊಡೆಯ ಮಟ್ಟದಲ್ಲಿ, ಗುರಿ ಇರುವುದು ಎದೆಯ ಹತ್ತಿರ. ಹಾಗಾಗಿ ಚೆಂಡು ಶುರುವಿನಿಂದಲೇ ಏರುಮುಖ. ಮೂಗು ಮೇಲಕ್ಕೆ ಉರುಳುವ ಒಳ್ಳೆಯ ಹಿಮ್ಮುಖ ಗಿರಕಿ ಇದ್ದರೆ ಪ್ಲೇಟ್ ದಾಟುವಾಗಲೂ ಅದು ಸ್ವಲ್ಪ ಏರುತ್ತಲೇ ಇರುತ್ತದೆ. ಅದೇ ಎತ್ತರಕ್ಕೆ ಎಸೆದ ಬುಲೆಟ್ ಸ್ಪಿನ್ ಚೆಂಡು ಅಷ್ಟರಲ್ಲಿ ತುದಿ ಮುಟ್ಟಿ ಇಳಿಯತೊಡಗಿರುತ್ತದೆ, ಬ್ಯಾಟಿನ ದಾರಿಗೇ ಬಂದು ಬೀಳುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ಅಡಿಯಷ್ಟು. ಒಂದರಲ್ಲಿ ಬ್ಯಾಟು ಚೆಂಡಿನ ಕೆಳಗೆ ಗಾಳಿ ಬೀಸುತ್ತದೆ, ಇನ್ನೊಂದರಲ್ಲಿ ಚೆಂಡು ಬೇಲಿ ದಾಟುತ್ತದೆ.

ಅಷ್ಟೊಂದು ಹುಡುಗಿಯರ ರೈಸ್ ಯಾಕೆ ಬುಲೆಟ್ ಆಗುತ್ತದೆ? ಹೇಳಿಕೊಡುವ ಮಾತೇ ಅದಕ್ಕೆ ಒಂದು ಕಾರಣ ಅಂತ ನನ್ನ ನಂಬಿಕೆ. "ಬಾಗಿಲಿನ ಗುಂಡು ಹಿಡಿ ತಿರುಗಿಸಿದ ಹಾಗೆ ಕೈ ತಿರುಗಿಸು" ಅಂತ ಇಲ್ಲಿನ ಕೋಚ್‌ಗಳು ಹೇಳುತ್ತಾರೆ. ಯೋಚಿಸಿ ನೋಡಿ. ಎದುರಿಗಿರುವ ಬಾಗಿಲಿನ ಹಿಡಿ ತಿರುಗುವಾಗ ಅದರ ನಡುಬಿಂದು ಇದ್ದಲ್ಲೇ ಇರುತ್ತದೆ. ಅದೇ ಬುಲೆಟ್ ಸ್ಪಿನ್! ಮಗಳಿಗೆ ನಾನು ಅಡುಗೆಮನೆಯ ಮಾತು ಹೇಳಿದೆ. ಕಾವಲಿಯ ಮೇಲಿನ ದೋಸೆಯ ತಳಕ್ಕೆ ಸಟ್ಟುಗ ತೂರಿಸುತ್ತೀವಲ್ಲ, ಹಾಗೆ ಬೆರಳು ಚೆಂಡಿನ ತಳಕ್ಕೆ ಹೋಗಿ ಮುಂದಕ್ಕೆ ಕೊಯ್ಯಬೇಕು. ತಳ ಮುಂದಕ್ಕೆ ಹೋದರೆ ಮೂಗು ತಾನಾಗಿ ಮೇಲೇಳುತ್ತದೆ. ಇದು ಆಗಬೇಕಾದರೆ ಭುಜ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ಕೈ ಚೆಂಡಿನ ಹಿಂದೆ ಅಲ್ಲ, ಕೆಳಗೆ ಇರಬೇಕು.

ಅಭ್ಯಾಸವನ್ನು 43 ಅಡಿಯಿಂದ ಶುರು ಮಾಡಬೇಡಿ. ಹತ್ತು ಅಡಿ ದೂರದಲ್ಲಿ ನಿಂತು, ಕೈ ಸುತ್ತಿಸದೆ, ಬರೀ ಮಣಿಕಟ್ಟು ಬೆರಳುಗಳಿಂದ ಗೆರೆ ಎಳೆದ ಚೆಂಡನ್ನು ಮೆಲ್ಲಗೆ ಮೇಲಕ್ಕೆ ಚಿಮ್ಮಿಸಲಿ. ಗೆರೆ ನೆಟ್ಟಗೆ ನಿಂತ ಮೇಲೆ ಇಪ್ಪತ್ತು ಅಡಿಗೆ ಹೋಗಿ ಅರ್ಧ ಸುತ್ತು ಕೈ. ಅಲ್ಲೂ ನಿಂತ ಮೇಲೆ ಪೂರ್ತಿ. ನಮ್ಮ ಮನೆಯಲ್ಲಿ ಹತ್ತು ಅಡಿಯಲ್ಲೇ ಮೂರು ವಾರ ಕಳೆಯಿತು. ವೇಗ ಜಾಸ್ತಿಯಾದ ಕೂಡಲೇ ಹಳೆಯ ಕೈ ವಾಪಸ್ ಬರುತ್ತದೆ. ಆಗ ಬೇಜಾರಿಲ್ಲದೆ ಮತ್ತೆ ಹತ್ತಿರ ಬರಬೇಕು.

ರೈಸ್ ಏನು ಮಾಡಬಲ್ಲದು ಅಂತ ನೋಡಬೇಕಾದರೆ ನಿಜಾರೀ ಕನಡಿ ಅವರ ಪಂದ್ಯಗಳನ್ನು ನೋಡಿ. ಸ್ಟ್ಯಾನ್‌ಫರ್ಡ್‌ನಿಂದ ಟೆಕ್ಸಾಸ್ ಟೆಕ್‌ಗೆ ಬಂದು 2025ರಲ್ಲಿ ತಂಡವನ್ನು ಕಾಲೇಜ್ ವರ್ಲ್ಡ್ ಸೀರೀಸ್ ಫೈನಲ್‌ವರೆಗೆ ಕೊಂಡೊಯ್ದ ಪಿಚರ್ ಅವರು.

ಡ್ರಾಪ್, ಕರ್ವ್, ಸ್ಕ್ರೂ

ಡ್ರಾಪ್ ಕೆಳಗೈ ಎಸೆತಕ್ಕೆ ಸಹಜವಾಗಿ ಒದಗುವ ಪಿಚ್. ಕೈ ಚೆಂಡಿನ ಹಿಂದೆ ಇರುತ್ತದೆ, ಬಿಡುವಾಗ ಬೆರಳುಗಳು ಚೆಂಡಿನ ಬೆನ್ನನ್ನು ಮೇಲಕ್ಕೆ ಸವರಿ ಬಿಡುತ್ತವೆ. ಬೆನ್ನು ಮೇಲಕ್ಕೆ ಹೋದರೆ ಮೂಗು ಕೆಳಕ್ಕೆ. ಈಗ ಗಾಳಿಯೂ ಭೂಮಿಯೂ ಒಂದೇ ಕಡೆ ಎಳೆಯುತ್ತವೆ, 76 ಸೆಂ.ಮೀ. ಒಂದು ಮೀಟರ್ ದಾಟುತ್ತದೆ. ಬ್ಯಾಟು ಚೆಂಡಿನ ತಲೆಗೆ ತಾಗಿ ಚೆಂಡು ನೆಲಕ್ಕೆ ಉರುಳುತ್ತದೆ. ಸಾಮಾನ್ಯ ತಪ್ಪು ಒಂದೇ: ಹೆಜ್ಜೆ ತುಂಬಾ ಉದ್ದ ಹಾಕಿ ಮೈ ಹಿಂದಕ್ಕೆ ಉಳಿದು ಚೆಂಡು ಮೇಲೇಳುವುದು. ಡ್ರಾಪ್‌ಗೆ ಹೆಜ್ಜೆ ಸ್ವಲ್ಪ ಗಿಡ್ಡವಾಗಿರಲಿ, ಭುಜ ಮುಂಗಾಲಿನ ಮೇಲೆ ಬರಲಿ.

ಕರ್ವ್‌ನಲ್ಲಿ ಕೈ ಚೆಂಡಿನ ಹೊರಮಗ್ಗುಲನ್ನು ಹಿಡಿದು ಹೊಟ್ಟೆಯ ಮುಂದೆ ಅಡ್ಡಕ್ಕೆ ಹೋಗುತ್ತದೆ. ಇಲ್ಲೂ ಬುಲೆಟ್ ಸ್ಪಿನ್ ಕಾಟ ಉಂಟು, ಗೆರೆಯ ಚೆಂಡು ಅದನ್ನು ತೋರಿಸಿಕೊಡುತ್ತದೆ. ಹೋಮ್ ಪ್ಲೇಟ್ ಅಗಲ 17 ಅಂಗುಲ. ಪೂರ್ತಿ ಅಡ್ಡ ಗಿರಕಿ ಇದ್ದರೆ ಚೆಂಡು ಒಂದು ಅಡಿ ಸರಿಯಬಹುದು, ಸಾಮಾನ್ಯವಾಗಿ ಅದರ ಅರ್ಧ ಸಿಕ್ಕರೂ ಬ್ಯಾಟಿನ ನಡುವಿನಿಂದ ತುದಿಗೆ ಹೋಯಿತು ಅಂತಲೇ ಲೆಕ್ಕ.

ಸ್ಕ್ರೂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿ ಬರುವವರು ಕಡಿಮೆ. ಮಿಕ್ಕ ಪಿಚ್‌ಗಳು ಕೂತ ಮೇಲೆ ನೋಡಿಕೊಂಡರಾಯಿತು.

ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ಯಾಟ್ ಓಸ್ಟರ್‌ಮನ್ ಕಾಲೇಜಿನಲ್ಲಿ 2,265 ಜನರನ್ನು ಸ್ಟ್ರೈಕ್ ಔಟ್ ಮಾಡಿದ ಎಡಗೈ ಪಿಚರ್. ಅವರು ವೇಗಕ್ಕೆ ಹೆಸರಾದವರಲ್ಲ, ಚೆಂಡು ತಿರುಗಿಸುವುದಕ್ಕೆ ಹೆಸರಾದವರು. ಇನ್ನೊಂದು ತುದಿಯಲ್ಲಿ ಟೆನೆಸಿಯ ಕಾರ್ಲಿನ್ ಪಿಕೆನ್ಸ್ 2025ರಲ್ಲಿ ಗಂಟೆಗೆ 79.4 ಮೈಲಿ ವೇಗದಲ್ಲಿ ಎಸೆದು ದಾಖಲೆ ಮಾಡಿದರು. ಅಂಥ ವೇಗ ಎಲ್ಲರಿಗೂ ಬರುವುದಿಲ್ಲ, ಗಿರಕಿಯ ದಿಕ್ಕನ್ನು ಮಾತ್ರ ತಾಳ್ಮೆ ಇರುವ ಯಾರು ಬೇಕಾದರೂ ತಿದ್ದಿಕೊಳ್ಳಬಹುದು.

ಗಿರಕಿ ಇಲ್ಲದೆ ಬೀಳುವ ಚೆಂಡು

ಚೇಂಜಪ್ ಅಂದರೆ ಕೈ ಅದೇ ವೇಗ, ಚೆಂಡು ಮಾತ್ರ ನಿಧಾನ. 65ರ ಬದಲು 50 ಮೈಲಿಯಲ್ಲಿ ಬಂದರೆ ಹಾರಾಟ ಅರ್ಧ ಸೆಕೆಂಡಿಗೆ ಏರುತ್ತದೆ, ಬೀಳುವುದು 76ರಿಂದ 125 ಸೆಂ.ಮೀ. ಆಗುತ್ತದೆ. ಗಿರಕಿಯ ಗೋಜೇ ಇಲ್ಲದೆ ಅರ್ಧ ಮೀಟರ್ ಹೆಚ್ಚು ಇಳಿತ! ರೈಸ್ ಕಲಿಯುವ ಆತುರದಲ್ಲಿ ಇದನ್ನು ಬಿಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮೊದಲು ಫಾಸ್ಟ್‌ಬಾಲ್, ಆಮೇಲೆ ಚೇಂಜಪ್, ಆಮೇಲೆ ಡ್ರಾಪ್, ರೈಸ್ ಕೊನೆಗೆ. ನನಗೆ ಸರಿ ಕಂಡ ಕ್ರಮ ಇದು.

"ಕೊನೇ ಗಳಿಗೆಯಲ್ಲಿ ತಿರುಗಿತು" ಅನ್ನುವುದು

ಚೆಂಡು ಕೊನೆಯಲ್ಲಿ ಥಟ್ಟನೆ ಬಾಗಿತು ಅಂತ ಬ್ಯಾಟರ್‌ಗಳು ಹೇಳುತ್ತಾರೆ. ಗಾಳಿಯ ಒತ್ತು ಶುರುವಿನಿಂದ ಕೊನೆವರೆಗೆ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಆದರೆ ಒಂದೇ ಸಮ ಒತ್ತುವ ಬಲದಿಂದ ಮೊದಲರ್ಧ ಸಮಯದಲ್ಲಿ ಆಗುವುದು ಕಾಲು ಭಾಗ ಬಾಗು, ಮಿಕ್ಕ ಮುಕ್ಕಾಲು ಭಾಗ ಆಗುವುದು ಎರಡನೇ ಅರ್ಧದಲ್ಲಿ. ಬ್ಯಾಟರ್ ಬೀಸಬೇಕೋ ಬೇಡವೋ ಅಂತ ನಿರ್ಧರಿಸುವುದು ಮೊದಲರ್ಧದಲ್ಲೇ. ಅವಳು ನೋಡಿದ್ದು ಕಾಲು ಭಾಗ, ನಂಬಿದ್ದು ಅದನ್ನೇ.

ಆದ್ದರಿಂದ ಬೇರೆ ಬೇರೆ ಪಿಚ್‌ಗಳು ಅರ್ಧ ದಾರಿಯವರೆಗೆ ಒಂದೇ ಥರ ಕಾಣಬೇಕು. ಹಿತ್ತಲಲ್ಲಿ ಇದನ್ನು ಅಭ್ಯಾಸ ಮಾಡಲು ಪ್ಲೇಟ್‌ನಿಂದ ಸುಮಾರು 20 ಅಡಿ ಮುಂದೆ ಎರಡು ಕೋಲು ನೆಟ್ಟು, ನಡುವೆ ಎರಡು ಎಲಾಸ್ಟಿಕ್ ದಾರಗಳನ್ನು ಒಂದರ ಮೇಲೊಂದು ಒಂದೂವರೆ ಅಡಿ ಅಂತರದಲ್ಲಿ ಅಡ್ಡ ಕಟ್ಟಿ. ಡ್ರಾಪ್, ಕರ್ವ್, ಚೇಂಜಪ್ ಎಲ್ಲ ಆ ಕಿಟಕಿಯೊಳಗಿಂದಲೇ ಹೋಗಲಿ. ರೈಸ್ ಮೇಲಿನ ದಾರಕ್ಕೆ ಒತ್ತಿಕೊಂಡೇ ಹೋಗುತ್ತದೆ, ಅದು ಸರಿಯೇ.

ಊರು ಬದಲಾದರೆ ಬಾಗುವುದೂ ಬದಲಾಗುತ್ತದೆ. ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದ ಆಲ್ಬುಕರ್ಕಿಯಂಥ ಕಡೆ ಗಾಳಿ ತೆಳು, ಅದೇ ಗಿರಕಿಗೆ ಕಡಿಮೆ ಫಲ. ಅಲ್ಲಿ ಮೊದಲ ದಿನದ ಪಿಚ್ ನೋಡಿ ಕೈ ಕೆಟ್ಟಿದೆ ಅಂದುಕೊಂಡು ಹಿಡಿತ ಬದಲಿಸಲು ಹೋಗಬೇಡಿ.

ಭುಜದ ಬಗ್ಗೆ

ಕೆಳಗೈ ಎಸೆತ ಸಹಜ, ಎಷ್ಟು ಎಸೆದರೂ ಏನೂ ಆಗಲ್ಲ ಅನ್ನುವ ಮಾತನ್ನು ಇಲ್ಲಿ ತುಂಬಾ ಕೇಳುತ್ತೇವೆ. ಅದು ನಿಜ ಅಲ್ಲ. ಚೆಂಡು ಬಿಡುವ ಹೊತ್ತಿಗೆ ತೋಳಿನ ಮುಂಭಾಗದ ಸ್ನಾಯುವಿನ ಮೇಲೆ ಭಾರೀ ಎಳೆತ ಬೀಳುತ್ತದೆ, ಭುಜದ ಮುಂಭಾಗದ ನೋವು ಪಿಚರ್‌ಗಳಲ್ಲಿ ಸಾಮಾನ್ಯ. ಗಿರಕಿ ಅಭ್ಯಾಸವನ್ನು ದಣಿದ ಕೈಯಲ್ಲಿ ಮಾಡಿಸಬೇಡಿ. ಹತ್ತು ಅಡಿಯ ಅಭ್ಯಾಸವನ್ನು ಮೊದಲು ಮಾಡಿಸಿ, ಪೂರ್ತಿ ವೇಗದ ರೈಸ್ ಇಪ್ಪತ್ತೈದು ಆದರೆ ಅವತ್ತಿಗೆ ಸಾಕು ಅಂತ ನಾವು ಇಟ್ಟುಕೊಂಡಿದ್ದೇವೆ. ನೋವು ಮರುದಿನವೂ ಉಳಿದರೆ ಎಸೆತ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕಾಲೇಜ್ ಪಂದ್ಯಗಳು ಫೆಬ್ರವರಿಯಲ್ಲಿ ಶುರುವಾಗುತ್ತವೆ. ಟಿವಿಯಲ್ಲಿ ಸ್ಲೋ ಮೋಷನ್ ಮರುಪ್ರಸಾರ ಬಂದಾಗ ಬ್ಯಾಟರ್‌ನ ಬಿಟ್ಟು ಕೆಂಪು ಹೊಲಿಗೆಯನ್ನೇ ನೋಡಿ. ನಮ್ಮ ಹಿತ್ತಲಲ್ಲಿ ಮೊನ್ನೆ ಎಣಿಸಿದಾಗ ರೈಸ್ ಒಂದು ಸುತ್ತಿಗೆ 13 ಫ್ರೇಮ್ ತೆಗೆದುಕೊಂಡಿತು, ಮೂಗು ಹನ್ನೆರಡೂವರೆಯ ಕಡೆ ಉರುಳುತ್ತಿತ್ತು. ಹತ್ತರಲ್ಲಿ ಏಳು ಹಾಗೆ ಬಂದವು. ಮಿಕ್ಕ ಮೂರಕ್ಕೆ ಇನ್ನೂ ಐದು ವಾರ ಇದೆ.